ಮನೆ ಮೊದಲು, ನೀರು ಆಮೇಲೆ

2024ರ ಅಕ್ಟೋಬರ್ 16ರಂದು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಕಾವೇರಿ ಐದನೇ ಹಂತದ ಕುಡಿಯುವ ನೀರಿನ ಯೋಜನೆ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ನೂರು ಕಿಲೋಮೀಟರ್ ದೂರ ಸಾಗಿಸಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪ್ ಮಾಡಿ, ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಿ ಬೆಂಗಳೂರಿಗೆ ತಲುಪಿಸುವ ಕೆಲಸ ಇದು. ಜಪಾನಿನ ಜೈಕಾ ಸಂಸ್ಥೆ ಇದಕ್ಕೆ ಸಾಲ ಕೊಟ್ಟಿದೆ. ನೀರು ಮುಖ್ಯವಾಗಿ ಹೋಗಬೇಕಾದದ್ದು ನಗರದ ಹೊರವಲಯದ 110 ಹಳ್ಳಿಗಳಿಗೆ.

ಆ ಹಳ್ಳಿಗಳು ಬೆಂಗಳೂರಿಗೆ ಸೇರಿದ್ದು 2007ರಲ್ಲಿ. ಏಳು ನಗರಸಭೆಗಳು, ಒಂದು ಪುರಸಭೆ ಮತ್ತು ಈ ಹಳ್ಳಿಗಳನ್ನು ಕೂಡಿಸಿ ಬಿಬಿಎಂಪಿ, ಅಂದರೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಕಟ್ಟಿದಾಗ ಪಾಲಿಕೆಯ ವ್ಯಾಪ್ತಿ ಸುಮಾರು 226 ಚದರ ಕಿಲೋಮೀಟರಿನಿಂದ ಒಮ್ಮೆಲೇ 700 ದಾಟಿತು. ಅಂದಿನಿಂದ ಅಲ್ಲಿನ ಜನ ನಗರದ ತೆರಿಗೆ ಕಟ್ಟಿದರು, ನಗರದ ದರದಲ್ಲಿ ಸೈಟು ಕೊಂಡರು, ಅಪಾರ್ಟ್‌ಮೆಂಟ್‌ಗೆ ಸಾಲ ತೀರಿಸಿದರು. ನಗರದ ನೀರು ಮಾತ್ರ ಬರಲಿಲ್ಲ. ಹದಿನೇಳು ವರ್ಷ ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿ ಬದುಕಿದರು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳೂ ಕೈಕೊಟ್ಟಾಗ ಜಿಲ್ಲಾಡಳಿತವೇ ಮುಂದೆ ಬಂದು ಟ್ಯಾಂಕರ್ ನೀರಿಗೆ ದರ ಗೊತ್ತುಮಾಡಬೇಕಾಯಿತು.

ಇದನ್ನು ಜಲಮಂಡಳಿಯೊಂದರ ವಿಳಂಬವೆಂದು ಬಿಟ್ಟುಬಿಡುವಂತಿಲ್ಲ. ಬೆಂಗಳೂರು ಬೆಳೆದ ಕ್ರಮವೇ ಹೀಗೆ. ಕಟ್ಟಲು ಅನುಮತಿ ಮೊದಲು ಸಿಗುತ್ತದೆ; ನೀರು, ಒಳಚರಂಡಿ, ರಸ್ತೆ, ಶಾಲೆ, ಆಟದ ಮೈದಾನಗಳ ಹಣ ಎಲ್ಲಿಂದ ಬರಬೇಕೆಂಬ ಮಾತು ಜನ ವಾಸಕ್ಕೆ ಬಂದ ಮೇಲೆ ಆರಂಭವಾಗುತ್ತದೆ. ಮದುವೆಗೆ ಸಾವಿರ ಮಂದಿಗೆ ಕರೆಯೋಲೆ ಹಂಚಿ, ಮುಹೂರ್ತದ ದಿನ ಅಕ್ಕಿಗೆ ಸಾಲ ಹುಡುಕಿದ ಹಾಗೆ.

ಮೂಲೆ ಸೈಟಿನ ಕಾಲ

ಕ್ರಮ ಹಿಂದೆ ಹೀಗಿರಲಿಲ್ಲ. 1898ರ ಪ್ಲೇಗು ಪೇಟೆಯ ಇಕ್ಕಟ್ಟಾದ ಬೀದಿಗಳಿಂದ ಜನರನ್ನು ಹೊರಗಟ್ಟಿದಾಗ ಬಸವನಗುಡಿ, ಮಲ್ಲೇಶ್ವರಗಳು ತುಂಬತೊಡಗಿದವು. ನೇರ ರಸ್ತೆ, ಮನೆಗಳ ಹಿಂದೆ ಕಸ ಸಾಗಿಸುವ ಓಣಿ, ಮಾರುಕಟ್ಟೆಗೆ ಜಾಗ, ಗುಡಿಯ ಸುತ್ತ ಬಯಲು, ಇವೆಲ್ಲವನ್ನೂ ಮೊದಲೇ ಗೆರೆ ಹಾಕಿ ಗುರುತಿಸಲಾಗಿತ್ತು. ಹೆಸರಘಟ್ಟದಿಂದ ನಗರಕ್ಕೆ ನೀರು ತಂದದ್ದೂ ಅದೇ ದಶಕದಲ್ಲಿ, 1896ರಲ್ಲಿ. ಮೈಸೂರಿನಲ್ಲಿ 1903ರಲ್ಲೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಇಡೀ ದೇಶದಲ್ಲಿ ಇಂಥ ಮಂಡಳಿ ಕಂಡ ಮೊದಲ ಕೆಲವು ನಗರಗಳಲ್ಲಿ ಅದೂ ಒಂದು. ಬೆಂಗಳೂರಿಗೆ ಅಂಥದೇ ಮಂಡಳಿ ದೊರೆತದ್ದು 1945ರಲ್ಲಿ. ಅದು 1976ರಲ್ಲಿ ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವಾಯಿತು.

ಜಯನಗರದಂಥ ಬಡಾವಣೆಗಳ ಹಿಂದೆ ಸರಳವಾದ ಲೆಕ್ಕವಿತ್ತು. ರೈತರಿಂದ ಭೂಮಿ ಸ್ವಾಧೀನಪಡಿಸಿಕೊಳ್ಳುವುದು, ರಸ್ತೆ, ಚರಂಡಿ, ಪಾರ್ಕು ಬಿಟ್ಟು ಸೈಟು ಮಾಡುವುದು, ಮಧ್ಯಮ ವರ್ಗದವರಿಗೆ ಕೈಗೆಟುಕುವ ಬೆಲೆಗೆ ಹಂಚುವುದು, ಮೂಲೆ ಸೈಟುಗಳನ್ನು ಹರಾಜು ಹಾಕುವುದು. ಹರಾಜಿನ ಲಾಭದಿಂದ ಬಡಾವಣೆಯ ಸೌಕರ್ಯಗಳಿಗೆ ಹಣ ಹೊಂದುತ್ತಿತ್ತು. ಭೂಮಿಯ ಬೆಲೆ ಏರಿದ ಲಾಭದ ಒಂದು ಪಾಲು ಅದೇ ಭೂಮಿಯ ರಸ್ತೆಗೂ ಮೋರಿಗೂ ಹೋಗುತ್ತಿತ್ತು. ಬಿಡಿಎ ಕಾಯ್ದೆ ಈ ಪದ್ಧತಿಗೆ ಅಂಕಿಯ ಭದ್ರತೆಯನ್ನೂ ಕೊಟ್ಟಿದೆ: ಬಡಾವಣೆಯ ಒಟ್ಟು ವಿಸ್ತೀರ್ಣದ ಶೇ 15ಕ್ಕೆ ಕಡಿಮೆಯಿಲ್ಲದ ಜಾಗ ಉದ್ಯಾನ ಮತ್ತು ಆಟದ ಮೈದಾನಕ್ಕೆ, ಇನ್ನೂ ಶೇ 10 ನಾಗರಿಕ ಸೌಲಭ್ಯಗಳಿಗೆ. ಶಾಲೆ, ಆಸ್ಪತ್ರೆ, ಗ್ರಂಥಾಲಯ, ಪೊಲೀಸ್ ಠಾಣೆಗೆಂದು ಬಿಡುವ ಸಿ.ಎ. ಸೈಟುಗಳ ಮೂಲ ಇದೇ.

ಈ ಪದ್ಧತಿಯ ಭಾರ ಹೊತ್ತವರು ರೈತರು ಎಂಬುದನ್ನು ಮರೆಯಬಾರದು. ಅವರಿಗೆ ಸಿಕ್ಕ ಪರಿಹಾರಕ್ಕೂ ಸೈಟಿನ ಮಾರುಕಟ್ಟೆ ಬೆಲೆಗೂ ಅಜಗಜಾಂತರ. ಭೂಮಿಯ ಬೆಲೆ ಚಿನ್ನವಾದ ಮೇಲೆ ಅವರು ನ್ಯಾಯಾಲಯಕ್ಕೆ ಹೋದರು. ಪ್ರಭಾವ ಉಳ್ಳವರು ಡಿನೋಟಿಫಿಕೇಷನ್, ಅಂದರೆ ಸ್ವಾಧೀನದ ಅಧಿಸೂಚನೆ ರದ್ದು ಮಾಡಿಸಿಕೊಂಡು ತಮ್ಮ ಭೂಮಿ ಬಿಡಿಸಿಕೊಂಡರು. ಅರ್ಕಾವತಿ ಬಡಾವಣೆಗೆ 2003ರಲ್ಲಿ ಕೈಹಾಕಿದ ಬಿಡಿಎ ಅದರ ವ್ಯಾಜ್ಯದಲ್ಲಿ ಎರಡು ದಶಕ ಸವೆಸಿತು. ಶಿವರಾಮ ಕಾರಂತ ಬಡಾವಣೆಯ ಪ್ರಾಥಮಿಕ ಅಧಿಸೂಚನೆ ಬಂದದ್ದು 2008ರಲ್ಲಿ. ಕೆಲಸ ಮುಂದುವರಿಸಲು ಸುಪ್ರೀಂ ಕೋರ್ಟ್ 2018ರಲ್ಲಿ ಆದೇಶ ಕೊಡಬೇಕಾಯಿತು. ನಾಡಪ್ರಭು ಕೆಂಪೇಗೌಡ ಬಡಾವಣೆಗೆ 4,043 ಎಕರೆಯ ಅಂತಿಮ ಅಧಿಸೂಚನೆ ಹೊರಟದ್ದು 2010ರಲ್ಲಿ. ಅಲ್ಲಿ ಸೈಟು ಪಡೆದವರು ರಸ್ತೆ, ನೀರು, ವಿದ್ಯುತ್ ಕೊಡಿಸಿ ಎಂದು ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ (ರೇರಾ) ಬಾಗಿಲು ತಟ್ಟಿದರು.

ರೆವಿನ್ಯೂ ಸೈಟಿನ ನಗರ

ಬಿಡಿಎ ಕಾದು ಕುಳಿತ ವರ್ಷಗಳಲ್ಲಿ ನಗರ ಕಾಯಲಿಲ್ಲ. 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಶೇ 47ರಷ್ಟು ಏರಿ 96 ಲಕ್ಷ ದಾಟಿತು. ಅಷ್ಟು ಜನಕ್ಕೆ ಸೂರು ಬೇಕಿತ್ತು. ಹೊಲವನ್ನು ಗುಂಟೆಗಳಾಗಿ ಕೊಯ್ದು ಮಾರುವವರು ಆ ಬೇಡಿಕೆ ಪೂರೈಸಿದರು. ಅದೇ ರೆವಿನ್ಯೂ ಸೈಟು. ಅನುಮೋದಿತ ನಕ್ಷೆಯಿಲ್ಲದ ಕಡೆ ಪಾರ್ಕಿಗೆ ಶೇ 15 ಬಿಡುವ ಮಾತೇ ಇಲ್ಲ; ಇಪ್ಪತ್ತು ಅಡಿ ರಸ್ತೆ ಬಿಟ್ಟರೆ ಅದೇ ದೊಡ್ಡದು. ಶಾಲೆಗೆ, ಆಸ್ಪತ್ರೆಗೆ ಜಾಗ ಬಿಡಬೇಕೆಂದು ಅಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ. ಸೈಟು ಕೊಂಡವರು ಪೇಂಟರ್, ಆಟೊ ಚಾಲಕ, ಗಾರ್ಮೆಂಟ್ಸ್ ಕೆಲಸಗಾರ್ತಿ, ನಿವೃತ್ತ ಶಿಕ್ಷಕ. ಬಿಡಿಎ ಸೈಟಿಗೆ ಅರ್ಜಿ ಹಾಕಿ ಹಾಕಿ ಬೇಸತ್ತವರೂ ಅವರಲ್ಲಿದ್ದರು.

ಆ ಮನೆಗಳಿಂದ ತೆರಿಗೆಯಾದರೂ ಬರಲಿ ಎಂದು ಪಾಲಿಕೆ ಬೇರೆ ರಿಜಿಸ್ಟರ್ ತೆರೆಯಿತು. ಅದೇ ಬಿ ಖಾತಾ. ತೆರಿಗೆ ತೆಗೆದುಕೊಳ್ಳುತ್ತದೆ, ಮಾನ್ಯತೆ ಕೊಡುವುದಿಲ್ಲ. ಬಿ ಖಾತಾದ ಮನೆಗೆ ಬ್ಯಾಂಕ್ ಸಾಲ ಕಷ್ಟ, ನಕ್ಷೆ ಮಂಜೂರಾತಿ ಇನ್ನೂ ಕಷ್ಟ. ಕಾನೂನು ಮುರಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಪ್ರಯತ್ನವೂ ನಡೆಯಿತು. ಅಕ್ರಮ-ಸಕ್ರಮ ಎಂದೇ ಜನಜನಿತವಾದ ಆ ಯೋಜನೆಯಲ್ಲಿ ವಾಸದ ಮನೆಗೆ ಶೇ 50, ವಾಣಿಜ್ಯ ಕಟ್ಟಡಕ್ಕೆ ಶೇ 25ರವರೆಗಿನ ಉಲ್ಲಂಘನೆಯನ್ನು ಮನ್ನಿಸುವ ಅವಕಾಶವಿತ್ತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು.

ಹೀಗೆ ಸಕ್ರಮವಾಗಿ ಖಾತಾ ಬದಲಾದರೆ ಮನೆಯೊಡೆಯರಿಗೆ ನೆಮ್ಮದಿ, ಸರ್ಕಾರಕ್ಕೆ ಶುಲ್ಕ. ಇಪ್ಪತ್ತು ಅಡಿ ರಸ್ತೆ ಮೂವತ್ತಾಗುವುದಿಲ್ಲ, ಇಲ್ಲದ ಪಾರ್ಕು ಹುಟ್ಟುವುದಿಲ್ಲ. ಆದ್ದರಿಂದ ಸಕ್ರಮದ ಪ್ರತಿ ಯೋಜನೆಗೂ ಕೇಳಬೇಕಾದ ಪ್ರಶ್ನೆ ಒಂದೇ: ಹೀಗೆ ಬಂದ ಹಣ ಆ ಬಡಾವಣೆಯ ಒಳಚರಂಡಿಗೆ, ಶಾಲೆಯ ಜಾಗಕ್ಕೆ ಹೋಗುತ್ತದೆಯೋ, ಇಲ್ಲ ಸಾಮಾನ್ಯ ಖಜಾನೆಯಲ್ಲಿ ಬೆರೆತು ಕರಗುತ್ತದೆಯೋ?

ಮುಂಗಡ ಕೊಟ್ಟವರ ಕಥೆ

ಹೊರವಲಯದ ಜನ ಹಣ ಕೊಡಲು ಒಪ್ಪುವುದಿಲ್ಲ ಎಂಬ ಮಾತು ಆಗಾಗ ಕೇಳುತ್ತದೆ. ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಬಿಬಿಎಂಪಿ ಹುಟ್ಟುವ ಮೊದಲೇ ಬೊಮ್ಮನಹಳ್ಳಿ, ಬ್ಯಾಟರಾಯನಪುರ, ದಾಸರಹಳ್ಳಿ, ಕೃಷ್ಣರಾಜಪುರ, ಮಹದೇವಪುರ, ರಾಜರಾಜೇಶ್ವರಿನಗರ, ಯಲಹಂಕ, ಕೆಂಗೇರಿಗಳಿಗೆ ಕಾವೇರಿ ನೀರು ಕೊಡಲು ಒಂದು ಯೋಜನೆ ರೂಪುಗೊಂಡಿತು. ಈ ಎಂಟೂ ಊರುಗಳ ಪರವಾಗಿ 2005ರಲ್ಲಿ ಬಾಂಡ್ ಮೂಲಕ 100 ಕೋಟಿ ರೂಪಾಯಿ ಎತ್ತಲಾಯಿತು. ಉಳಿದುದರಲ್ಲಿ ದೊಡ್ಡ ಪಾಲನ್ನು ಫಲಾನುಭವಿಗಳ ವಂತಿಕೆಯೆಂದು ಮನೆಗಳಿಂದಲೇ ಮುಂಗಡವಾಗಿ ಸಂಗ್ರಹಿಸಲಾಯಿತು. ಸೈಟಿನ ಅಳತೆಗೆ ತಕ್ಕಂತೆ ಸಾವಿರಾರು ರೂಪಾಯಿ. ಸಾಲ ಮಾಡಿ ಕಟ್ಟಿದವರೂ ಇದ್ದರು. ಕೊಳವೆ ಹೂತರೂ ಅದರೊಳಗೆ ಹರಿಸಲು ನೀರಿಲ್ಲದೆ ಎಷ್ಟೋ ಮನೆಗಳು ವರ್ಷಗಟ್ಟಲೆ ಕಾದವು.

ಆ ಯೋಜನೆಯ ಆರ್ಥಿಕ ವಿನ್ಯಾಸವನ್ನು ತಜ್ಞರು ಆಗ ಹೊಗಳಿದ್ದುಂಟು. ಜಲಮೂಲದ ಸಾಮರ್ಥ್ಯಕ್ಕೂ ಹಣ ಸಂಗ್ರಹದ ವೇಗಕ್ಕೂ ಹೊಂದಾಣಿಕೆ ಇರಲಿಲ್ಲ ಎಂಬುದೇ ಅದರ ದೋಷ. ಹೊಸದಾಗಿ ಬಂದವರು ಮುಂಗಡ ಕಟ್ಟಿ ಕಾದರು. ಹಳೆಯ ಬಡಾವಣೆಗಳವರು ಅಂಥ ವಂತಿಕೆಯಿಲ್ಲದೆ ಹಿಂದೆಂದೋ ನಲ್ಲಿ ಪಡೆದಿದ್ದರು. ನಗರದ ಅಂಚಿನಲ್ಲಿರುವವರು ಹೆಚ್ಚು ಕೊಟ್ಟು ಕಡಿಮೆ ಪಡೆಯುವ ಈ ಅನ್ಯಾಯ ಇಂದಿಗೂ ಬೆಂಗಳೂರಿನ ಬೆಳವಣಿಗೆಯ ಅಡಿಪಾಯದಲ್ಲಿದೆ.

ಬೆಂಗಳೂರಿಗೆ ಹಣದ ವಿಷಯದಲ್ಲಿ ಧೈರ್ಯವಿಲ್ಲ ಎನ್ನುವಂತೆಯೂ ಇಲ್ಲ. ದೇಶದಲ್ಲಿ ಮೊದಲು ಪುರಸಭಾ ಬಾಂಡ್ ಹೊರಡಿಸಿದ್ದು ಇದೇ ಊರು: 1997ರಲ್ಲಿ, ರಾಜ್ಯ ಸರ್ಕಾರದ ಖಾತರಿಯೊಂದಿಗೆ, 125 ಕೋಟಿ ರೂಪಾಯಿಗೆ. ಮರುವರ್ಷ ಅಹಮದಾಬಾದ್ ಯಾವ ಖಾತರಿಯೂ ಇಲ್ಲದೆ, ತನ್ನ ಲೆಕ್ಕಪತ್ರದ ಬಲದ ಮೇಲೆ 100 ಕೋಟಿ ಎತ್ತಿತು. 2000ದಲ್ಲಿ ಬೆಂಗಳೂರು ಆಸ್ತಿ ತೆರಿಗೆಗೆ ಸ್ವಯಂ ಘೋಷಣೆ ಪದ್ಧತಿ ತಂದಾಗ ಜನ ಸರದಿಯಲ್ಲಿ ನಿಂತು ಕಟ್ಟಿದರು, ಸಂಗ್ರಹ ಏರಿತು. ಕೇಳುವ ರೀತಿ ನ್ಯಾಯವಾಗಿದ್ದರೆ, ಲೆಕ್ಕ ಅರ್ಥವಾಗುವಂತಿದ್ದರೆ ಈ ಊರಿನವರು ಕೊಡುತ್ತಾರೆ.

ಬಣ್ಣದ ನಕ್ಷೆಗಳು

ಭೂ ಬಳಕೆಗೆ ಕಾನೂನಿನ ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ವಾಸಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಉದ್ಯಾನಕ್ಕೆ ಹಸಿರು ಎಂದು ಬಣ್ಣ ತುಂಬಿದ ಮಾಸ್ಟರ್ ಪ್ಲಾನ್‌ಗಳು ಅದರಡಿ ಬರುತ್ತವೆ. ಬೆಂಗಳೂರಿನಲ್ಲಿ 2015ರ ಗುರಿಯಿಟ್ಟ ಪರಿಷ್ಕೃತ ಮಾಸ್ಟರ್ ಪ್ಲಾನ್ 2007ರ ಜೂನ್‌ನಲ್ಲಿ ಅಂಗೀಕಾರವಾಯಿತು. 2031ಕ್ಕೆ 2 ಕೋಟಿ ದಾಟುವ ಜನಸಂಖ್ಯೆಯನ್ನು ಅಂದಾಜಿಸಿದ ಮುಂದಿನ ಕರಡು 2017ರ ನವೆಂಬರ್‌ನಲ್ಲಿ ಪ್ರಕಟವಾಯಿತು. ಸಾವಿರಾರು ಆಕ್ಷೇಪಣೆಗಳು ಬಂದವು. 2020ರಲ್ಲಿ ಸರ್ಕಾರ ಆ ಕರಡನ್ನೇ ಹಿಂತೆಗೆದುಕೊಂಡಿತು. ಹೀಗಾಗಿ 2015ಕ್ಕೆ ಅವಧಿ ಮುಗಿದ ಯೋಜನೆಯನ್ನೇ ಹಿಡಿದು ಊರು ಹತ್ತು ವರ್ಷಗಳಿಂದ ಬೆಳೆಯುತ್ತಿದೆ.

ನಕ್ಷೆಯನ್ನು ಬದಲಿಸಲು ಕಾಯ್ದೆಯಲ್ಲೇ ದಾರಿಗಳಿವೆ. 14-ಎ ಕಲಮಿನಡಿ ಭೂ ಬಳಕೆ ಬದಲಾಯಿಸಬಹುದು, 18ನೇ ಕಲಮಿನಡಿ ಅದಕ್ಕೆ ಶುಲ್ಕ ಕಟ್ಟಬಹುದು. 1984ರ ಯೋಜನೆ ಊರಿನ ಸುತ್ತ ಗುರುತಿಸಿದ್ದ ಹಸಿರು ಪಟ್ಟಿ ಒಂದೊಂದು ಪರಿಷ್ಕರಣೆಗೂ ಹಿಂದೆ ಸರಿಯುತ್ತ ಬಂತು. 1990ರ ದಶಕದಲ್ಲಿ ಬಿಡಿಎ ಕಟ್ಟತೊಡಗಿದ ಸುಮಾರು 60 ಕಿಲೋಮೀಟರ್ ಹೊರ ವರ್ತುಲ ರಸ್ತೆ ಲಾರಿಗಳು ಊರೊಳಗೆ ಬಾರದಿರಲಿ ಎಂದು ಹಾಕಿದ ದಾರಿ. ಇಕ್ಕೆಲಗಳಲ್ಲಿ ಟೆಕ್ ಪಾರ್ಕುಗಳಿಗೆ ಅನುಮತಿ ಸಿಕ್ಕಿ ಅದು ದೇಶದ ಅತಿ ದಟ್ಟ ಕಚೇರಿ ಸಾಲುಗಳಲ್ಲಿ ಒಂದಾಯಿತು. ಅಲ್ಲಿಗೆ ಮೆಟ್ರೊ ಕಾಮಗಾರಿ ಬಂದದ್ದು ಲಕ್ಷಾಂತರ ಜನ ಅಲ್ಲಿ ಕೆಲಸಕ್ಕೆ ಸೇರಿದ ಎಷ್ಟೋ ವರ್ಷಗಳ ಮೇಲೆ. ಬೆಳ್ಳಂದೂರು ಭಾಗದ ರಾಜಕಾಲುವೆಗಳು ಕಿರಿದಾದ ಫಲ 2022ರ ಸೆಪ್ಟೆಂಬರ್‌ನಲ್ಲಿ ಕಾಣಿಸಿತು: ಕೋಟಿ ಬೆಲೆಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರ್‌ಗಳಲ್ಲಿ, ದೋಣಿಗಳಲ್ಲಿ ಹೊರತರಬೇಕಾಯಿತು.

ನಕ್ಷೆಯ ಹಸಿರನ್ನು ಕಾಪಾಡಿದ ಒಂದು ತೀರ್ಪನ್ನು ಇಲ್ಲಿ ನೆನೆಯಲೇಬೇಕು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಮೀಸಲಿಟ್ಟ ಜಾಗವನ್ನು 1970ರ ದಶಕದಲ್ಲಿ ನರ್ಸಿಂಗ್ ಹೋಮ್ ಕಟ್ಟಲು ಒಂದು ಖಾಸಗಿ ಟ್ರಸ್ಟ್‌ಗೆ ಹಂಚಲಾಯಿತು. ನಿವಾಸಿಗಳು ಕೋರ್ಟಿಗೆ ಹೋದರು. ಮೊದಲ ಹಂತದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು, 1991ರಲ್ಲಿ ಸುಪ್ರೀಂ ಕೋರ್ಟ್ ಆ ಗೆಲುವನ್ನು ಎತ್ತಿಹಿಡಿಯಿತು. ಯೋಜನೆಯಲ್ಲಿ ಸಾರ್ವಜನಿಕರಿಗೆಂದು ಬಿಟ್ಟ ಬಯಲನ್ನು ಅಧಿಕಾರದಲ್ಲಿರುವವರ ಇಚ್ಛೆಯಂತೆ ಬೇರೆಯವರಿಗೆ ಕೊಡಲಾಗದು ಎಂಬ ಆ ತೀರ್ಪು ದೇಶದ ಎಲ್ಲೆಡೆ ಪಾರ್ಕು ಉಳಿಸುವ ಹೋರಾಟಗಳಿಗೆ ಆಧಾರವಾಗಿದೆ. ಪಾರ್ಕಿಗೆ ಬದಲಾಗಿ ಆಸ್ಪತ್ರೆ ಬಂದರೂ ಒಳ್ಳೆಯದೇ ಅಲ್ಲವೇ ಎಂಬ ವಾದಕ್ಕೆ ನ್ಯಾಯಾಲಯ ಬಗ್ಗಲಿಲ್ಲ.

ರಸ್ತೆಗೆ ಭೂಮಿ, ಎರಡು ಬಗೆ

ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡ್‌ಗೆ ಮೊದಲ ಅಧಿಸೂಚನೆ ಹೊರಟದ್ದು 2005ರಲ್ಲಿ. ಬಿಡಿಎ ಮಾರ್ಗ ಗುರುತಿಸಿತು, ಸ್ವಾಧೀನಕ್ಕೆ ಮುಂದಾಯಿತು, ಪರಿಹಾರದ ಹಣ ಹೊಂದಲಿಲ್ಲ. ಮಾರ್ಗದಲ್ಲಿದ್ದ ರೈತರು ಅತ್ತ ಮಾರಲಾರದೆ, ಇತ್ತ ಪರಿಹಾರವೂ ಸಿಗದೆ ಇಪ್ಪತ್ತು ವರ್ಷ ಅತಂತ್ರರಾಗಿ ಕಳೆದರು. ಆ ಅವಧಿಯಲ್ಲಿ ಭೂಮಿಯ ಬೆಲೆ ಹತ್ತಾರು ಪಟ್ಟು ಏರಿತು. ಈಗ ಅದಕ್ಕೆ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂಬ ಹೊಸ ಹೆಸರು.

ಅಹಮದಾಬಾದಿನ ಸರ್ದಾರ್ ಪಟೇಲ್ ವರ್ತುಲ ರಸ್ತೆ 76 ಕಿಲೋಮೀಟರ್ ಉದ್ದ. ಭೂಮಿ ಪಡೆದ ಬಗೆ ಬೇರೆಯಾಗಿದ್ದರಿಂದ ಅದು ಕೆಲವೇ ವರ್ಷಗಳಲ್ಲಿ ಮುಗಿಯಿತು. ಗುಜರಾತಿನಲ್ಲಿ ಟೌನ್ ಪ್ಲಾನಿಂಗ್ ಸ್ಕೀಮ್ ಎಂಬ ಪದ್ಧತಿ ಬ್ರಿಟಿಷರ ಕಾಲದ 1915ರ ಮುಂಬೈ ಕಾಯ್ದೆಯಿಂದಲೂ ಚಾಲ್ತಿಯಲ್ಲಿದೆ. ಒಂದು ಪ್ರದೇಶದ ಎಲ್ಲ ಹಿಡುವಳಿಗಳನ್ನು ಒಟ್ಟುಗೂಡಿಸಿ, ಅದರಿಂದ ರಸ್ತೆಗೆ, ಉದ್ಯಾನಕ್ಕೆ, ಶಾಲೆ-ಆಸ್ಪತ್ರೆಗೆ, ಬಡವರ ಮನೆಗೆ, ಮಾರಿ ಹಣ ಮಾಡಲು ಒಂದೊಂದು ಪಾಲು ತೆಗೆದು, ಉಳಿದುದನ್ನು ನೇರ ಗಡಿಯ ನಿವೇಶನಗಳಾಗಿ ಮೂಲ ಮಾಲೀಕರಿಗೇ ಮರಳಿಸುತ್ತಾರೆ. ಭೂಮಿ ಕಿರಿದಾಗುತ್ತದೆ, ಬೆಲೆ ಹೆಚ್ಚುತ್ತದೆ. ಹೆಚ್ಚಿದ ಬೆಲೆಯಲ್ಲಿ ಅರ್ಧ ಸುಧಾರಣಾ ವೆಚ್ಚಕ್ಕೆ. ಯಾವ ರೈತನೂ ಪೂರ್ತಿ ಭೂಮಿ ಕಳೆದುಕೊಳ್ಳುವುದಿಲ್ಲ, ಪಕ್ಕದವನು ಮಾತ್ರ ಶ್ರೀಮಂತನಾಗುವುದೂ ಇಲ್ಲ. 2001ರ ಭೂಕಂಪದ ನಂತರ ಭುಜ್ ಪಟ್ಟಣದ ಹಳೆಯ ಕೇರಿಗಳನ್ನು ಮತ್ತೆ ಕಟ್ಟಿದ್ದೂ ಇದೇ ದಾರಿಯಲ್ಲಿ.

ಗುಜರಾತಿನ ಪದ್ಧತಿಗೂ ದೋಷಗಳಿವೆ. ಅಂತಿಮ ಮಂಜೂರಾತಿ ಎಳೆದಾಡುತ್ತದೆ, ಬಡವರ ಪಾಲಿನ ಭೂಮಿ ಎಲ್ಲ ಕಡೆ ಅವರನ್ನು ತಲುಪುವುದಿಲ್ಲ. ಆದರೂ ಯೋಜನೆಯ ಕಾಗದದಲ್ಲೇ ಖರ್ಚಿನ ಅಂದಾಜೂ ಆದಾಯದ ಮೂಲವೂ ಇರುತ್ತವೆ. ನಗರ ಯೋಜನಾ ಸ್ಕೀಮ್‌ಗಳಿಗೆ ಕರ್ನಾಟಕದ 1961ರ ಕಾಯ್ದೆಯಲ್ಲೂ ಅವಕಾಶವಿದೆ. ಬಳಸಿದವರು ಕಡಿಮೆ.

ಅಮೆರಿಕದ ವಾಷಿಂಗ್ಟನ್ ರಾಜ್ಯ 1990ರಲ್ಲಿ ಇನ್ನೂ ಬಿಗಿಯಾದ ಕಾನೂನು ಮಾಡಿತು. ಅಲ್ಲಿ ಬೆಳವಣಿಗೆ ನಿಯಂತ್ರಣ ಕಾಯ್ದೆಗೆ ಒಳಪಟ್ಟ ನಗರಗಳ ಯೋಜನೆಯಲ್ಲಿ ಸಾರ್ವಜನಿಕ ಸೌಕರ್ಯಗಳ ಅಧ್ಯಾಯ ಕಡ್ಡಾಯ. ಮುಂದಿನ ಕನಿಷ್ಠ ಆರು ವರ್ಷಕ್ಕೆ ಏನೇನು ಕಟ್ಟಬೇಕು, ಹಣ ಎಲ್ಲಿಂದ ಎಂದು ಅಲ್ಲಿ ಬರೆಯಬೇಕು. ಹಣ ಸಾಲದೆಂದು ಕಂಡರೆ ಭೂ ಬಳಕೆಯ ಅಧ್ಯಾಯವನ್ನೇ ಮತ್ತೆ ಪರಿಶೀಲಿಸಬೇಕು. ಹೊಸ ಕಟ್ಟಡದಿಂದ ರಸ್ತೆಯ ಸ್ಥಿತಿ ನಿಗದಿತ ಮಟ್ಟಕ್ಕಿಂತ ಕುಸಿಯುವಂತಿದ್ದರೆ, ಆರು ವರ್ಷದೊಳಗೆ ಪರಿಹಾರಕ್ಕೆ ಹಣ ಗೊತ್ತಾಗದ ಹೊರತು ಅನುಮತಿ ಇಲ್ಲ.

ಲೆಕ್ಕ ಯಾರ ಕೈಯಲ್ಲಿ?

ಬೆಂಗಳೂರಿನಲ್ಲಿ ಹಣ ಎತ್ತುವ ಸಾಧನಗಳಿಗೆ ಕೊರತೆಯಿಲ್ಲ. ಯೋಜನಾ ಕಾಯ್ದೆಯ 18-ಎ ಕಲಮಿನಡಿ ನಕ್ಷೆ ಮಂಜೂರಾತಿಯ ವೇಳೆ ನೀರು ಸರಬರಾಜು, ವರ್ತುಲ ರಸ್ತೆ, ಕೊಳೆಗೇರಿ ಸುಧಾರಣೆ, ಮೆಟ್ರೊ ಹೆಸರಿನಲ್ಲಿ ಸೆಸ್ ಮತ್ತು ಸರ್‌ಚಾರ್ಜ್ ವಸೂಲಾಗುತ್ತದೆ. ಸುಧಾರಣಾ ಶುಲ್ಕವಿದೆ, ಆಸ್ತಿ ತೆರಿಗೆಯಿದೆ. ಕೊನಪ್ಪನ ಅಗ್ರಹಾರದ ಮೆಟ್ರೊ ನಿಲ್ದಾಣಕ್ಕೆ ಇನ್ಫೊಸಿಸ್ ಪ್ರತಿಷ್ಠಾನ ಹಣ ಕೊಟ್ಟಂತೆ ಖಾಸಗಿಯವರ ನೆರವೂ ಇದೆ. ಇಲ್ಲದ್ದು ಒಂದೇ: ಯಾವ ಬಡಾವಣೆಯಿಂದ ಎಷ್ಟು ಬಂತು, ಅದರಲ್ಲಿ ಎಷ್ಟು ಅಲ್ಲಿಗೇ ಮರಳಿತು ಎಂದು ಅಲ್ಲಿನ ನಿವಾಸಿ ಓದಿ ತಿಳಿಯಬಹುದಾದ ಲೆಕ್ಕ.

ದೊಡ್ಡ ಕಾಮಗಾರಿಗಳು ಮಾಸ್ಟರ್ ಪ್ಲಾನ್‌ನ ಹೊರಗಿನಿಂದಲೇ ಬರುತ್ತಿವೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಉದ್ದೇಶಿಸಿರುವ ಸುರಂಗ ರಸ್ತೆಯ ಅಂದಾಜು ವೆಚ್ಚ 17 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಬಿಬಿಎಂಪಿ 2024-25ರಲ್ಲಿ ಸಂಗ್ರಹಿಸಿದ ಆಸ್ತಿ ತೆರಿಗೆ ಸುಮಾರು 4,900 ಕೋಟಿ. ಮೂರು ವರ್ಷದ ತೆರಿಗೆಯನ್ನು ಮೀರಿಸುವ ಆ ಸುರಂಗದ ಪ್ರಸ್ತಾಪ 2007ರಲ್ಲಿ ಅಂಗೀಕಾರವಾದ ಮಾಸ್ಟರ್ ಪ್ಲಾನ್‌ನಲ್ಲಿಲ್ಲ.

ಸಂವಿಧಾನದ 74ನೇ ತಿದ್ದುಪಡಿ ನಗರ ಯೋಜನೆಯನ್ನು ಚುನಾಯಿತ ಸಂಸ್ಥೆಗಳ ಹೊಣೆಯ ಪಟ್ಟಿಯಲ್ಲಿ ಮೊದಲನೆಯದಾಗಿ ಇಟ್ಟಿತು. ಅದು ಜಾರಿಗೆ ಬಂದದ್ದು 1993ರಲ್ಲಿ. ಅದು ಬಯಸಿದ ಮಹಾನಗರ ಯೋಜನಾ ಸಮಿತಿ ಬೆಂಗಳೂರಿನಲ್ಲಿ ರಚನೆಯಾದದ್ದು 2014ರಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೊನೆಗೊಂಡು, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು.

ಹೊಸ ವ್ಯವಸ್ಥೆ ಹೊಸ ಮಾಸ್ಟರ್ ಪ್ಲಾನ್ ಬರೆಯಲೇಬೇಕು. ಅದರಲ್ಲಿ ಮೂರು ಸಂಗತಿಗಳು ಇರಬೇಕೆಂದು ನಗರದ ಜನ ಪಟ್ಟುಹಿಡಿಯಬೇಕು. ಎಲ್ಲಿ ಎಷ್ಟು ಅಂತಸ್ತಿಗೆ ಅವಕಾಶವೋ ಅಲ್ಲಿನ ನೀರು, ಒಳಚರಂಡಿ, ರಸ್ತೆ, ಶಾಲೆಗಳ ವೆಚ್ಚ ಮತ್ತು ಹಣದ ಮೂಲ ಅದೇ ಪುಟದಲ್ಲಿ ಬರಲಿ. ಶುಲ್ಕ, ಸೆಸ್, ಸಕ್ರಮದ ಹಣಕ್ಕೆ ವಾರ್ಡುವಾರು ಪ್ರತ್ಯೇಕ ಖಾತೆ ಇರಲಿ, ಪ್ರತಿ ವರ್ಷ ಪ್ರಕಟವಾಗಲಿ. ರೆವಿನ್ಯೂ ಬಡಾವಣೆಗಳಲ್ಲಿ ಶಾಲೆಗೆ, ಆಟಕ್ಕೆ ಜಾಗ ಕೊಳ್ಳಲು ಆ ಹಣದಲ್ಲಿ ಪಾಲು ಮೀಸಲಾಗಲಿ.

ಕರಡು ಪ್ರಕಟವಾದ ದಿನದಿಂದ ಆಕ್ಷೇಪಣೆ ಸಲ್ಲಿಸಲು ಕಾಯ್ದೆ ಸಾರ್ವಜನಿಕರಿಗೆ 60 ದಿನ ಕೊಡುತ್ತದೆ. ಹೆಚ್ಚಿನವರು ನಕ್ಷೆಯಲ್ಲಿ ತಮ್ಮ ಸೈಟಿನ ಬಣ್ಣ ನೋಡಿ ಸುಮ್ಮನಾಗುತ್ತಾರೆ. ಈ ಸಲ ಹಣದ ಅಧ್ಯಾಯವನ್ನೂ ಓದಿ. ಅದು ಇಲ್ಲದಿದ್ದರೆ, ಇಲ್ಲವೆಂಬುದನ್ನೇ ಮೊದಲ ಆಕ್ಷೇಪಣೆಯಾಗಿ ಬರೆದು ಕೊಡಿ.